ಟ್ಯೂನಲ್ಲಿ ಪಾಪ ಇರುತ್ತಾ ಅಮ್ಮ?

ಓದುಗರ ಪತ್ರ: "ನಮ್ಮ ಚರ್ಚಿನ ಹಬ್ಬದ ದಿನ ಪರಮಪ್ರಸಾದದ ಹೊತ್ತಿಗೆ ಯುವಕರ ಕೊಯರ್ ಒಂದು ಹೊಸ ಹಾಡು ಹಾಡಿತು. ಮಾತು ಯೇಸುವಿನದು. ಟ್ಯೂನ್ ಮಾತ್ರ ಈಗ ಎಲ್ಲರ ಬಾಯಲ್ಲಿರುವ ಸಿನಿಮಾ ಹಾಡಿನದು. ಕೀಬೋರ್ಡ್ ನುಡಿಸಿದವನು ನನ್ನ ಹದಿನಾಲ್ಕು ವರ್ಷದ ಮಗ. ಅದರ ಹಿಂದಿನ ವಾರವಷ್ಟೇ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು, ಸಿನಿಮಾ ಹಾಡೆಲ್ಲ ಸೈತಾನನದು, ಮೊಬೈಲಿನಿಂದ ಅಳಿಸಿ ಎಂದಿದ್ದರು. ಮನೆಗೆ ಬಂದು ಮಗನಿಗೆ ಬೈದೆ. ಅವನು, ‘ಟ್ಯೂನಲ್ಲಿ ಪಾಪ ಇರುತ್ತಾ ಅಮ್ಮ?’ ಅಂದ. ನನಗೆ ಉತ್ತರ ತೋಚಲಿಲ್ಲ. ನೀವಾದರೂ ಹೇಳಿ." (ಒಬ್ಬ ತಾಯಿ, ಹಾಸನ ಜಿಲ್ಲೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ಪ್ರಿಯ ಸಹೋದರಿ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೇ ಇಟ್ಟುಕೊಂಡಿದ್ದೆ. ನಿಮ್ಮ ಮಗನ ಪ್ರಶ್ನೆಗೆ ಸುಮ್ನೆ ಒಂದು ಸಾಲು ಬರೆದು ಕಳಿಸಲು ಮನಸ್ಸು ಬರಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲ, ಟ್ಯೂನಲ್ಲಿ ಪಾಪ ಇರುವುದಿಲ್ಲ. ಆದರೂ ಆ ಹಾಡು ಚರ್ಚಿನ ಬಲಿಪೂಜೆಯಲ್ಲಿ ಬೇಡವಾಗಿತ್ತು.

ಮನೆಯಲ್ಲಿ ಹಳೆಯ ಬೈಬಲ್ ಇದ್ದರೆ 22ನೇ ಕೀರ್ತನೆ ತೆಗೆದು ನೋಡಿ. "ನನ್ನ ದೇವರೇ, ನನ್ನ ದೇವರೇ, ಏಕೆ ಕೈಬಿಟ್ಟೆ" ಎಂದು ಶುರುವಾಗುವ ಕೀರ್ತನೆ ಅದು. ಯೇಸು ಶಿಲುಬೆಯ ಮೇಲೆ ಕೂಗಿದ್ದು ಇದೇ ಮಾತನ್ನು. ಅದರ ನೆತ್ತಿಯ ಮೇಲೆ ಸಣ್ಣದೊಂದು ಸೂಚನೆ ಇರುತ್ತದೆ. ನಾವು ಅದನ್ನು ದಾಟಿಕೊಂಡು ಓದುತ್ತೇವೆ. ಕೆಲವು ಅನುವಾದಗಳಲ್ಲಿ ಹೀಬ್ರೂ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಅರ್ಥ ಏನೆಂದರೆ, "ಬೆಳಗಿನ ಜಾವದ ಜಿಂಕೆ". ಆಗ ಜನರಿಗೆ ಗೊತ್ತಿದ್ದ ಯಾವುದೋ ಧಾಟಿಯ ಹೆಸರು ಇದು, ಈ ಕೀರ್ತನೆಯನ್ನು ಆ ಧಾಟಿಯಲ್ಲಿ ಹಾಡಿ ಎಂಬ ಸೂಚನೆ ಇದು ಅನ್ನುವುದು ಅನೇಕ ಪಂಡಿತರ ಅಭಿಪ್ರಾಯ. 56ನೇ ಕೀರ್ತನೆಯ ಮೇಲೆ ಒಂದು ಪಾರಿವಾಳ ಇದೆ. 69ರ ಮೇಲೆ ಹೂಗಳಿವೆ. ಜಿಂಕೆ, ಪಾರಿವಾಳ, ಹೂವು. ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಹಾಡುವ ಪದಗಳ ಹೆಸರಿನ ಹಾಗೆಯೇ ಕೇಳಿಸುತ್ತವೆ, ಅಲ್ವಾ?

ಆಮೇಲಿನ ಕಾಲದಲ್ಲೂ ಹೀಗೆ ಆಗಿದೆ. ಜರ್ಮನಿಯ ಸಂಗೀತಗಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಒಂದು ಪ್ರೇಮಗೀತೆ ಪ್ರಕಟಿಸಿದರು. ಒಬ್ಬ ಹುಡುಗಿಯಿಂದಾಗಿ ನನ್ನ ಮನಸ್ಸು ಕಲಕಿಹೋಗಿದೆ ಅಂತ ಹುಡುಗ ಹಾಡುವ ಹಾಡು. ಕೆಲವೇ ವರ್ಷಗಳಲ್ಲಿ ಅದರ ಧಾಟಿ ಚರ್ಚಿನೊಳಗೆ ಬಂತು. ಮುಂದೆ ಕವಿ ಪಾವುಲ್ ಗೆರ್ಹಾರ್ಟ್ ಬರೆದ, ಮುಳ್ಳಿನ ಕಿರೀಟ ಹೊತ್ತ ಯೇಸುವಿನ ತಲೆಯನ್ನು ನೋಡಿ ಅಳುವ ಹಾಡಿಗೆ ಅದೇ ಧಾಟಿ ಕೂಡಿಕೊಂಡಿತು. ಹೆಸರಾಂತ ಸಂಗೀತಗಾರ ಬಾಖ್ ತಮ್ಮ ಯೇಸುವಿನ ಪಾಡುಗಳ ಸಂಗೀತದಲ್ಲಿ ಅದನ್ನು ಮತ್ತೆ ಮತ್ತೆ ತಂದರು. ಇವತ್ತು ಅದನ್ನು ಕೇಳಿದವರಿಗೆ ಶುಭ ಶುಕ್ರವಾರ ನೆನಪಾಗುತ್ತದೆಯೇ ಹೊರತು ಆ ಹುಡುಗಿ ಯಾರಿಗೂ ನೆನಪಾಗುವುದಿಲ್ಲ.

ಹಾಗಾದರೆ ನಿಮ್ಮ ಮಗ ಮಾಡಿದ್ದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಅದಕ್ಕೆ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಅವರ ಒಂದು ಕ್ರಿಸ್ಮಸ್ ಹಾಡಿನ ಕಥೆ ಕೇಳಿ. 1535ರಲ್ಲಿ ಅದು ಅಚ್ಚಾದಾಗ, ಜನ ಒಗಟು ಹೇಳುತ್ತಾ ಹಾಡುತ್ತಿದ್ದ ಒಂದು ಹಾಡಿನ ಧಾಟಿಯಲ್ಲಿತ್ತು. 1539ಕ್ಕೆ ಅದೇ ಮಾತುಗಳಿಗೆ ಹೊಸ ಧಾಟಿ ಬಂತು. ಹಳೆಯ ಧಾಟಿ ಇನ್ನೂ ಕುಡಿತ, ಕುಣಿತದ ಜಾಗಗಳಲ್ಲಿ ಓಡಾಡುತ್ತಿತ್ತು, ಅದಕ್ಕೇ ಬದಲಾಯಿಸಿದರು ಅಂತ ಹೇಳುವುದುಂಟು. ಹಾಸ್ಲರ್ ಅವರ ಧಾಟಿ ತನ್ನ ಹಳೆಯ ಮನೆ ಮರೆಯಿತು. ಇದು ಇನ್ನೂ ಹಳೆಯ ಮನೆಯಲ್ಲೇ ಇತ್ತು. ನಿಮ್ಮ ಮಗ ನುಡಿಸಿದ ಧಾಟಿ ಇವತ್ತು ಯಾವ ಮನೆಯಲ್ಲಿದೆ, ನೀವೇ ಹೇಳಿ.

ಇಂಥದ್ದು ನನಗೇ ಅನುಭವ ಆಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹಳೆಯ ಗೆಳೆಯನ ಮಣ್ಣಿಗೆ ಹೋಗಿದ್ದೆ. ಶವಪೆಟ್ಟಿಗೆ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅದರ ಮೇಲೆ ಅವನ ಮೊಮ್ಮಗಳು ಇಟ್ಟ ಸೇವಂತಿಗೆ ಹಾರ, ಅದರ ಒಂದು ತುದಿ ಜಾರಿ ನೇತಾಡುತ್ತಿತ್ತು. ಕೊಯರ್ ಹಾಡಲು ಶುರು ಮಾಡಿತು. ಮಾತು ನಿತ್ಯ ವಿಶ್ರಾಂತಿಯದು. ಧಾಟಿ ಮಾತ್ರ ನಾಯಕ ನಾಯಕಿ ಮಳೆಯಲ್ಲಿ ಕುಣಿಯುವ ಹಾಡಿನದು. ಎರಡನೇ ಸಾಲಿಗೆ ನನ್ನ ಕಣ್ಣ ಮುಂದೆ ಆ ಮಳೆ, ಆ ಕೆಂಪು ಕೊಡೆ, ಆ ಸ್ಟೆಪ್ಪು. ಬೇಡ ಅಂದುಕೊಂಡಷ್ಟೂ ಜಾಸ್ತಿ ಬಂತು. ಹಾಡು ಮುಗಿಯುವ ಹೊತ್ತಿಗೆ ಗುರುಗಳು ಪೆಟ್ಟಿಗೆಗೆ ತೀರ್ಥ ಚಿಮುಕಿಸಿ ಆಗಿತ್ತು. ಗೆಳೆಯನಿಗಾಗಿ ಒಂದು ಪ್ರಾರ್ಥನೆಯನ್ನೂ ನಾನು ಹೇಳಿಕೊಂಡಿರಲಿಲ್ಲ. ಹಾಡಿದ ಮಕ್ಕಳು ಚೆನ್ನಾಗೇ ಹಾಡಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಹತ್ತು ನಿಮಿಷ ನನಗೆ ಮತ್ತೆ ಸಿಗುವುದಿಲ್ಲ.

ಧಾಟಿ ಒಂಟಿಯಾಗಿ ಬರುವುದಿಲ್ಲ, ಸಹೋದರಿ. ತಾನಿದ್ದ ಜಾಗವನ್ನೂ ಕಂಡ ಮುಖಗಳನ್ನೂ ಕೈಹಿಡಿದು ಕರೆದುಕೊಂಡೇ ಬರುತ್ತದೆ.

ಸಂತ ಅಗಸ್ಟೀನರಿಗೂ ಈ ಕಷ್ಟ ಗೊತ್ತಿತ್ತು. ತಮ್ಮ ಬದುಕಿನ ನಿವೇದನೆ ಬರೆದ ಪುಸ್ತಕದ ಹತ್ತನೇ ಭಾಗದಲ್ಲಿ ಅವರು ಇದನ್ನೇ ಎತ್ತಿಕೊಳ್ಳುತ್ತಾರೆ. ಹಾಡಿದ ವಿಷಯಕ್ಕಿಂತ ಹಾಡಿದ ದನಿಯೇ ನನ್ನನ್ನು ಜಾಸ್ತಿ ಅಲುಗಿಸಿದರೆ ಅದು ತಪ್ಪು ಎಂದು ಒಪ್ಪಿಕೊಳ್ಳುತ್ತಾರೆ. ಆಗ ಹಾಡೇ ಕೇಳದಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ ಅವರಿಗೆ. ಆದರೆ ವಿಶ್ವಾಸಕ್ಕೆ ಮರಳಿದ ಹೊಸದರಲ್ಲಿ ಚರ್ಚಿನ ಹಾಡು ಕೇಳಿ ತಾವು ಅತ್ತಿದ್ದು ನೆನಪಾಗುತ್ತದೆ. ಕೊನೆಗೆ ಹಾಡು ಇರಲಿ ಅನ್ನುವ ಕಡೆಗೇ ವಾಲುತ್ತಾರೆ. ಸಾವಿರದ ಆರುನೂರು ವರ್ಷದ ಹಿಂದೆ ಅಂಥ ದೊಡ್ಡವರು ತಡಕಾಡಿದ ಜಾಗದಲ್ಲಿ ನಿಮ್ಮ ಮಗ ನಿಂತಿದ್ದಾನೆ. ಅವನಿಗೆ ಈ ಮಾತು ಹೇಳಿ.

ಇನ್ನು ಆ ಬೋಧಕರ ಮಾತು. ಸಿನಿಮಾ ಹಾಡೆಲ್ಲ ಸೈತಾನನದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನನ್ನ ಅಜ್ಜಿ.

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸ ಶುರು. ಕಿಡಿಯೋ ಮಾಡಲು ಅಂತಲೇ ತೆಗೆದಿಟ್ಟ ಒಂದು ಹೊಸ ಬಾಚಣಿಗೆ ಇತ್ತು. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಅದರ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ಗೀರುಗೀರಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಗಳು ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು. ಅಜ್ಜಿ ಆ ಕೆಲಸ ಮಾಡುವಾಗ ರೇಡಿಯೋದಲ್ಲಿ ಕೇಳಿದ ಹಳೆಯ ಸಿನಿಮಾ ಹಾಡುಗಳನ್ನು ಗುನುಗುತ್ತಿದ್ದರು. ಸಂಜೆ ಚರ್ಚಿನ ಗಂಟೆ ಹೊಡೆಯಿತೋ, ಹಾಡು ಸಾಲಿನ ನಡುವೆಯೇ ನಿಲ್ಲುತ್ತಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ನಿಂತು ಶಿಲುಬೆಯ ಗುರುತು ಹಾಕಿ ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರು. ಹಣೆಯ ಮೇಲೆ ಬಿಳಿ ಚುಕ್ಕೆ ಉಳಿಯುತ್ತಿತ್ತು. ಆಮೆನ್ ಆದ ಮೇಲೆ ಕೂತು, ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸುತ್ತಿದ್ದರು. ಅಳುಕಿಲ್ಲ, ಅವಸರವಿಲ್ಲ. ಪ್ರಾರ್ಥನೆಯ ಹೊತ್ತಿಗೆ ಸಿನಿಮಾ ಹಾಡನ್ನು ಅವರು ತರಲಿಲ್ಲ. ಸಿನಿಮಾ ಹಾಡು ಹಾಡುವಾಗ ದೇವರು ಎದ್ದು ಹೋದರು ಅಂತಲೂ ಅಂದುಕೊಳ್ಳಲಿಲ್ಲ. ನಾನು ವಿಶ್ವಾಸ ಕಲಿತದ್ದು ಆ ಮೊರದ ಪಕ್ಕದಲ್ಲಿ.

ಹಾಗಂತ ಎಲ್ಲ ಹಾಡೂ ಒಂದೇ ಅಲ್ಲ. ಹೆಣ್ಣನ್ನು ತಿನ್ನುವ ಸಾಮಾನಿನ ಹಾಗೆ, ಗೆದ್ದುಕೊಳ್ಳುವ ವಸ್ತುವಿನ ಹಾಗೆ ಹಾಡುವ ಹಾಡುಗಳಿವೆ. ಬೇಡ ಅಂದ ಹುಡುಗಿಯ ಹಿಂದೆ ಬೀಳುವುದನ್ನೇ ಪ್ರೀತಿ ಅನ್ನುವ ಹಾಡುಗಳಿವೆ. ಹದಿನಾಲ್ಕರ ಹುಡುಗ ಅದನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಎಲ್ಲೋ ಒಂದು ಕಡೆ ಇಳಿಯುತ್ತದೆ. ನನಗೆ ಚರ್ಚಿನ ಟ್ಯೂನಿಗಿಂತ ಇದು ದೊಡ್ಡ ಚಿಂತೆ. ಮೊಬೈಲಿನಿಂದ ಅಳಿಸಿದರೆ ಅವನು ಬೇರೆಯವರ ಮೊಬೈಲಿನಲ್ಲಿ ಕೇಳುತ್ತಾನೆ. ಅದರ ಬದಲು ಆ ಹಾಡಿನ ಮಾತನ್ನು ಅವನ ಜೊತೆ ಕೂತು ಗಟ್ಟಿಯಾಗಿ ಓದಿ. ಟ್ಯೂನ್ ಇಲ್ಲದೆ ಬರೀ ಮಾತು ಓದಿ. ಇದನ್ನು ನಿನ್ನ ಅಕ್ಕನಿಗೋ ತಂಗಿಗೋ ಯಾರಾದರೂ ಹಾಡಿದರೆ ಹೇಗಿರುತ್ತೆ ಅಂತ ಕೇಳಿ. ಜಾಸ್ತಿ ವಿವರಿಸುವುದು ಬೇಡ.

ಇನ್ನೊಂದು ಮಾತನ್ನು ಕೊಯರಿನ ದೊಡ್ಡವರಿಗೆ ತಲುಪಿಸಿ. ಆ ಧಾಟಿಯನ್ನು ಒಬ್ಬ ಸಂಗೀತಗಾರ ಕೂತು ಕಟ್ಟಿದ್ದಾನೆ. ಅದಕ್ಕೆ ನಮ್ಮ ಮಾತು ತುಂಬಿ, ಸಂಗೀತ ನಮ್ಮದೇ ಅಂತ ಹೆಸರು ಹಾಕಿ ಯೂಟ್ಯೂಬಿಗೆ ಏರಿಸುವುದನ್ನು ನೋಡಿದ್ದೇನೆ. ಕದಿಯಬೇಡ ಅನ್ನುವ ಕಟ್ಟಳೆ ಇದಕ್ಕೂ ಅನ್ವಯಿಸುತ್ತದೆ.

ಮತ್ತೆ ಹಾಡುವುದು ಏನನ್ನು? ನಮಗೆ ಬಡತನವೇನಿಲ್ಲ. ಕಥೋಲಿಕ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಕೊಟ್ಟ ದೈವಾರಾಧನೆಯ ದಸ್ತಾವೇಜಿನ 119ನೇ ಅಂಶ ಓದಿ. ಜನರಿಗೆ ತಮ್ಮದೇ ಸಂಗೀತ ಪರಂಪರೆ ಇದ್ದರೆ ಅದಕ್ಕೆ ಆರಾಧನೆಯಲ್ಲಿ ತಕ್ಕ ಗೌರವದ ಜಾಗ ಕೊಡಿ ಅನ್ನುತ್ತದೆ. ಅದಕ್ಕೂ ನೂರು ವರ್ಷ ಮೊದಲು, 1862ರಲ್ಲಿ, ಮೂವತ್ತರ ಹರೆಯದ ಫರ್ಡಿನಾಂಡ್ ಕಿಟೆಲ್ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ "ಕಥಾಮಾಲೆ" ಅಂತ ಹೊರತಂದರು. ದೂರದ ಜರ್ಮನಿಯಿಂದ ಬಂದವರು ನಮ್ಮ ಲಯ ಹುಡುಕಿಕೊಂಡು ಹೋದರು. ನಿಮ್ಮ ಜಿಲ್ಲೆಯಲ್ಲೇ ಕೋಲಾಟದ ಪದಗಳಿವೆ, ಸೋಬಾನೆ ಇದೆ, ತಮಟೆಯ ಪೆಟ್ಟಿದೆ. ನಮ್ಮ ಮಕ್ಕಳಿಗೆ ಅದನ್ನು ಕೇಳಿಸಿದವರು ಯಾರು? ನಾವು ಕೇಳಿಸಲಿಲ್ಲ, ಅದಕ್ಕೇ ಅವರು ತಮಗೆ ಸಿಕ್ಕಿದ್ದನ್ನು ತಂದರು. ತಂದದ್ದು ದೇವರಿಗಾಗಿಯೇ. ಅದನ್ನು ನೀವು ಮರೆಯಬಾರದು.

ಇವತ್ತು ಸಂಜೆ ಮಗನ ಪಕ್ಕ ಕೂತು ಆ ಸಿನಿಮಾ ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಲು ಹೇಳಿ. ಬೈಯದೆ ಕೇಳಿ. ಆಮೇಲೆ 22ನೇ ಕೀರ್ತನೆ ತೆರೆದು ಕೊಡಿ. ಬೆಳಗಿನ ಜಾವದ ಜಿಂಕೆಯ ಧಾಟಿ ಕಳೆದುಹೋಗಿದೆ, ಅದು ಹೇಗಿತ್ತು ಅಂತ ಇವತ್ತು ಯಾರಿಗೂ ಗೊತ್ತಿಲ್ಲ ಅಂತ ತಿಳಿಸಿ. ನಾಲ್ಕು ಸಾಲಿಗೆ ಅವನೇ ಒಂದು ಧಾಟಿ ಕಟ್ಟಲಿ. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರ ನಾವು ಹಾಡುವುದು ಇದೇ ಕೀರ್ತನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ಮೊದಲು ಬಂದರೆ ನಮ್ಮ ಚರ್ಚಿನ ಮಕ್ಕಳಿಗೂ ಕಲಿಸುತ್ತೇನೆ.

ನಿಮ್ಮ,
ಸಂಪಾದಕ