ಕಾರವಾರದ ಕಡಲು ಅಷ್ಟು ಶಾಂತವಾಗಿರುವುದು ಯಾಕೆ? ಅಲ್ಲಿ ನೋಡಲು ಏನಿದೆ?

ಊರು ಕೊಲ್ಲಿಯ ಮಗ್ಗುಲಲ್ಲಿದೆ, ಅದಕ್ಕೇ ಕಡಲು ಶಾಂತ. ದಕ್ಷಿಣಕ್ಕೆ ಬೈತಖೋಲ ಗುಡ್ಡ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳಿವೆ. ದೊಡ್ಡ ತೆರೆಗಳು ಇವಕ್ಕೆ ಬಡಿದು, ಜೋರು ಕಳೆದುಕೊಂಡು ದಡಕ್ಕೆ ಬರುತ್ತವೆ. ಬಂದರು ಗುಡ್ಡದ ಮರೆಯಲ್ಲೇ ಇರುವುದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಮಾತ್ರ ಈ ಶಾಂತಿಯನ್ನು ನಂಬಬೇಡಿ, ಸುಮ್ನೆ ನೀರಿಗಿಳಿಯಬೇಡಿ.

ಟಾಗೋರ್ ಕಡಲತೀರ, ಅಲ್ಲೇ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯನ್ನು ಎಲ್ಲರೂ ನೋಡುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಕಾಳಿ ನದಿ ಕಡಲು ಸೇರುವ ಕೋಡಿಬಾಗದ ಕಡೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಇಳಿತದ ಹೊತ್ತಿಗೆ ಹೋದರೆ ಹೊಳೆಯ ಮರಳು ದಿಬ್ಬಗಳು ಮೇಲೆದ್ದಿರುತ್ತವೆ. ಮೊಣಕಾಲುದ್ದ ನೀರಲ್ಲಿ ಬಗ್ಗಿ ಬಳಚು, ಅಂದರೆ ಚಿಪ್ಪಿಕಲ್ಲು ಹೆಕ್ಕುವವರು ಕಾಣುತ್ತಾರೆ. ಅದರ ಸುಕ್ಕವನ್ನು ಊರಿನ ಖಾನಾವಳಿಯಲ್ಲಿ ಕೇಳಿ ತಿನ್ನಿ.