ಟೀಚರ್ ಹತ್ತಿರ ಕೇಳಿ: ಬೀಡಿಯ ನಡುವೆ ಹತ್ತನೇ ಕ್ಲಾಸು, ಗಡಿಯಾಚೆಯ ಮದುವೆ ಮತ್ತು ಇತರ ಪತ್ರಗಳು

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು, ಮಂಜೇಶ್ವರ ತಾಲೂಕಿನ ಹೆಂಗಸರದ್ದು. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಈಗ ಭಾನುವಾರ ದೊಡ್ಡವರ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಕಾನೂನಿನ ವಿಷಯ ಬಂದಲ್ಲಿ ಯಾರನ್ನು ಕೇಳಬೇಕು ಅಂತಲೂ ಬರೆದಿದ್ದೇನೆ.

ಪ್ರಶ್ನೆ: ಟೀಚರೇ, ನನಗೆ 34 ವರ್ಷ. ಏಳನೇ ಕ್ಲಾಸು ಪಾಸಾದ ವರ್ಷವೇ ಬೀಡಿ ಕಟ್ಟಲು ಕೂತವಳು. ಮಗಳು ಈಗ ಎಂಟನೇ ಕ್ಲಾಸಿನಲ್ಲಿದ್ದಾಳೆ. ಅವಳ ಪುಸ್ತಕ ನೋಡುವಾಗ ನನಗೂ ಹತ್ತನೇ ಕ್ಲಾಸು ಪಾಸಾಗಬೇಕು ಅನ್ನಿಸುತ್ತದೆ. ಆಫೀಸಿನಲ್ಲಿ ಕೇಳಿದೆ. ಅವರು ಬೇಗ ಬೇಗ ಮಲಯಾಳದಲ್ಲಿ ಹೇಳಿದ್ದು ಪೂರ್ತಿ ಅರ್ಥ ಆಗಲಿಲ್ಲ. ಮತ್ತೆ ಕೇಳಲು ನಾಚಿಕೆಯಾಯಿತು. ಗಂಡ "ಈ ಪ್ರಾಯದಲ್ಲಿ ಯಾಕೆ" ಅಂತಾರೆ. ಕನ್ನಡದಲ್ಲೇ ಬರೆಯಲು ಆಗ್ತದಾ? (ಪೈವಳಿಕೆ ಕಡೆಯಿಂದ)

ಆಗ್ತದೆ ತಂಗೀ. ಕೇರಳದ ಸಾಕ್ಷರತಾ ಮಿಷನ್ ನಡೆಸುವ ಹತ್ತನೇ ತರಗತಿ ತತ್ಸಮಾನ ಕೋರ್ಸು ನಿಮ್ಮಂಥವರಿಗಾಗಿಯೇ ಇರುವುದು. 17 ವರ್ಷ ತುಂಬಿರಬೇಕು, ಏಳನೇ ತರಗತಿ ಪಾಸಾಗಿರಬೇಕು. ಮೇಲಿನ ಪ್ರಾಯಕ್ಕೆ ಮಿತಿ ಇಲ್ಲ. ಪರೀಕ್ಷೆ ನಡೆಸುವುದು ಎಸ್‌ಎಸ್‌ಎಲ್‌ಸಿ ನಡೆಸುವ ಪರೀಕ್ಷಾ ಭವನವೇ. ಆ ಸರ್ಟಿಫಿಕೇಟಿಗೆ ಸರಕಾರಿ ಕೆಲಸಕ್ಕೆ ಜನ ಆರಿಸುವ ಪಿಎಸ್‌ಸಿಯಲ್ಲೂ ಮುಂದಿನ ಓದಿಗೂ ಬೆಲೆ ಇದೆ. ಕನ್ನಡ ಮಾಧ್ಯಮವೂ ಇದೆ. ಫಾರ್ಮ್ ತುಂಬುವಾಗಲೇ ಮಾಧ್ಯಮ ಕನ್ನಡ ಅಂತ ಬರೆಸಿ. ಅದನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ.

ನಿಮ್ಮ ಪಂಚಾಯತಿನಲ್ಲಿ ಸಾಕ್ಷರತಾ ಪ್ರೇರಕ್ ಯಾರು ಅಂತ ವಾರ್ಡ್ ಮೆಂಬರ್ ಹತ್ತಿರವೋ ಅಂಗನವಾಡಿ ಟೀಚರ್ ಹತ್ತಿರವೋ ಕೇಳಿ. ಕೋರ್ಸಿಗೆ ಸೇರಿಸುವುದು ಅವರ ಕೆಲಸ. ಏಳನೇ ತರಗತಿಯ ಸರ್ಟಿಫಿಕೇಟ್ ಕಳೆದುಹೋಗಿದ್ದರೆ ಹಳೆಯ ಶಾಲೆಗೆ ಹೋಗಿ. ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರು ಇರುತ್ತದೆ. ಕ್ಲಾಸು ರಜಾದಿನಗಳಲ್ಲಿ, ಹೆಚ್ಚಾಗಿ ಭಾನುವಾರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಫೀಸಿಲ್ಲ. ಬೇರೆಯವರದ್ದನ್ನು ಕೆಲವು ಪಂಚಾಯತುಗಳು ತಾವೇ ಕಟ್ಟುತ್ತವೆ. ನಿಮ್ಮಲ್ಲಿ ಹೇಗೆ ಅಂತ ಕೇಳಿ ನೋಡಿ.

ಮತ್ತೆ ಕೇಳಲು ನಾಚಿಕೆಯಾಯಿತು ಅಂದಿರಲ್ಲ, ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರಿಗೂ ತಮಿಳರಿಗೂ ಒಂದು ಹಕ್ಕು ಬರೆದಿಟ್ಟಿದ್ದಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಆಫೀಸುಗಳಿಗೆ ನಾವು ನಮ್ಮ ಭಾಷೆಯಲ್ಲೇ ಅರ್ಜಿ ಬರೆಯಬಹುದು. ಉತ್ತರವನ್ನೂ ಅವರು ನಮ್ಮ ಭಾಷೆಯಲ್ಲೇ ಕೊಡಬೇಕು. ಕನ್ನಡ ಬಲ್ಲವರು ಎಲ್ಲ ಆಫೀಸಿನಲ್ಲೂ ಸಿಗುವುದಿಲ್ಲ, ನಿಜ. ಹಾಗಾಗಿ ಬಾಯಲ್ಲಿ ಕೇಳಿ ವಾಪಸು ಬರಬೇಡಿ. ಅರ್ಧ ಪುಟ ಕನ್ನಡದಲ್ಲಿ ಬರೆದು ಕೊಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಕುಟುಂಬಶ್ರೀ ಹೆಂಗಸರ ಉಳಿತಾಯ ಗುಂಪಾದ ಅಯಲ್‌ಕೂಟದ ಇಬ್ಬರನ್ನು ಕರೆದುಕೊಂಡು ಹೋಗಿ. ಮೂರು ಜನ ಹೆಂಗಸರು ಒಟ್ಟಿಗೆ ನಿಂತರೆ ಆಫೀಸಿನವರು ನಿಧಾನವಾಗಿ ಮಾತಾಡುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ಓದಿನ ವಿಷಯ. ನಮ್ಮ ಕ್ಲಾಸಿಗೆ ಬರುವ ಬೀಡಿಯವರು ಗಣಿತ ಅಂದರೆ ಹೆದರುತ್ತಾರೆ. ಆದರೆ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಎಷ್ಟು ಎಲೆ ಕೊಟ್ಟರು, ಎಷ್ಟು ಹೊಗೆಸೊಪ್ಪು ಕೊಟ್ಟರು, ಎಷ್ಟು ಬೀಡಿ ಸರಿಯಿಲ್ಲ ಅಂತ ತೆಗೆದಿಟ್ಟರು, ಅದನ್ನೆಲ್ಲ ಅವರು ಬಾಯಲ್ಲೇ ಕೂಡಿ ಕಳೆದು ಮಜೂರಿ ಹೇಳುತ್ತಾರೆ. ನಾನು ಅಲ್ಲಿಂದಲೇ ಶುರುಮಾಡುತ್ತೇನೆ. ಶೇಕಡಾ ಲೆಕ್ಕ ಒಂದೇ ಭಾನುವಾರದಲ್ಲಿ ಬರುತ್ತದೆ. ಕಷ್ಟ ಆಗುವುದು ಹಿಂದಿ ಮತ್ತು ಇಂಗ್ಲಿಷ್. ಎರಡೂ ಮೊದಲ ವಾರದಿಂದಲೇ ದಿನಾ ಸ್ವಲ್ಪ ಸ್ವಲ್ಪ ಓದಬೇಕು. ತಡ್ಪೆ (ಬೀಡಿ ಕಟ್ಟುವ ಮೊರ) ಮಡಿಲಲ್ಲಿ ಇಟ್ಟುಕೊಂಡೇ ಮಗಳ ಹತ್ತಿರ ಹಿಂದಿ ಪಾಠ ಗಟ್ಟಿಯಾಗಿ ಓದಿಸಿ. ಅವಳಿಗೂ ಓದಿದ ಹಾಗಾಯಿತು, ನಿಮಗೂ ಕೇಳಿದ ಹಾಗಾಯಿತು.

ಗಂಡನಿಗೆ ಏನು ಹೇಳುವುದು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಬೀಡಿ ಕೆಲಸ ಕಡಿಮೆಯಾಗುತ್ತಾ ಬಂದಿದೆ. ವಾರದಲ್ಲಿ ಎಲೆ ಕೊಡುವ ದಿನಗಳೇ ಕಡಿಮೆ. ಸೊಂಟ ನೋವು, ಹೊಗೆಸೊಪ್ಪಿನ ಧೂಳಿನ ಕೆಮ್ಮು ನಿಮಗೆ ಗೊತ್ತಿರುವುದೇ. ಹತ್ತನೇ ತರಗತಿ ಇಲ್ಲದೆ ಮುಂದೆ ಯಾವ ಕೆಲಸ ಕೇಳುವುದು? ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಪಿಎಸ್‌ಸಿ ಬೇರೆ ಹುದ್ದೆಗಳನ್ನು ಕರೆಯುತ್ತದೆ. ಅದಕ್ಕೆ ಪ್ರಾಯದ ಮಿತಿ ಇದೆ. ನಿಮಗೆ ಸಿಗುವುದೋ ಇಲ್ಲವೋ, ಮಗಳಿಗೆ ಅದು ಖಂಡಿತ ತೆರೆದ ದಾರಿ. ಹಾಗಾಗಿ ಇಬ್ಬರೂ ಮಲಯಾಳ ಓದಲು ಬರೆಯಲು ಕಲಿಯಿರಿ. ಸಾಕ್ಷರತಾ ಮಿಷನ್ನಿನಲ್ಲಿ ಅದಕ್ಕೆ ಪಚ್ಚ ಮಲಯಾಳಂ ಅಂತ ಕೋರ್ಸೇ ಇದೆ. ಕಲಿತರೆ ನಮ್ಮ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಹತ್ತಿರ ಬೀಡಿ ಕಾರ್ಮಿಕರ ಗುರುತು ಕಾರ್ಡು ಇದೆಯಾ? ಇದ್ದರೆ ಮಗಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಮೂಲಕ, ಅಕ್ಷಯ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಮಗಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು. ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇದ್ದರೂ ತೊಂದರೆ ಕೊಡುತ್ತದೆ. ಅದನ್ನು ಈಗಲೇ ಸರಿಮಾಡಿಸಿ.

ಪ್ರಶ್ನೆ: ನಮ್ಮ ಅಯಲ್‌ಕೂಟದ ಪುಸ್ತಕ ಬರೆಯುವುದೆಲ್ಲ ಮಲಯಾಳದಲ್ಲಿ. ಸಾಲದ ಕಾಗದಕ್ಕೆ ಸಹಿ ಹಾಕು ಅಂತಾರೆ, ಹಾಕುತ್ತೇನೆ. ತಪ್ಪಾ? (ಬದಿಯಡ್ಕ)

ಓದಿಸಿ ಕೇಳದೆ ಸಹಿ ಹಾಕಬೇಡಿ. ಕುಟುಂಬಶ್ರೀಯ ಬ್ಯಾಂಕ್ ಸಾಲಕ್ಕೆ ಗುಂಪಿನ ಎಲ್ಲರೂ ಹೊಣೆ. ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಬರುತ್ತದೆ. ವಾರದ ಸಭೆಯಲ್ಲೇ ಎದ್ದು ಕೇಳಿ: ಎಷ್ಟು ಸಾಲ, ಯಾರ ಹೆಸರಿಗೆ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು. ಸದಸ್ಯರಲ್ಲಿ ಕನ್ನಡದವರು ಜಾಸ್ತಿ ಇದ್ದರೆ ಪುಸ್ತಕವನ್ನು ಕನ್ನಡದಲ್ಲೂ ಬರೆಯಿರಿ. ನಿಮ್ಮ ಉಳಿತಾಯದ ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇರಲಿ. ಸಂಶಯ ಬಂದರೆ ಕೇಳಲು ಕುಟುಂಬಶ್ರೀಯ ವಾರ್ಡ್ ಸಮಿತಿ ಎಡಿಎಸ್, ಅದರ ಮೇಲೆ ಪಂಚಾಯತಿನ ಸಮಿತಿ ಸಿಡಿಎಸ್ ಇದೆ. ಲೆಕ್ಕ ಕೇಳಿದರೆ ಗೆಳೆತನ ಹಾಳಾಗುತ್ತದೆ ಅಂತ ತುಂಬಾ ಜನ ಸುಮ್ನೆ ಕೂರುತ್ತಾರೆ. ಗುಂಪು ಒಡೆದದ್ದನ್ನು ನಾನು ನೋಡಿರುವುದು ಲೆಕ್ಕ ಕೇಳದೆ ಇದ್ದಲ್ಲೇ.

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ 16 ವರ್ಷ. ಪ್ಲಸ್ ಒನ್ ಅರ್ಧಕ್ಕೆ ಬಿಡಿಸಿದ್ದಾರೆ. ಮುಂದಿನ ತಿಂಗಳು ಮದುವೆ. ಇಲ್ಲಿ ಮಾಡಿದರೆ ಯಾರಾದರೂ ದೂರು ಹೇಳುತ್ತಾರೆ ಅಂತ ಕರ್ನಾಟಕದ ವಿಟ್ಲದ ಕಡೆ ಹಾಲ್ ನೋಡಿದ್ದಾರೆ. ನಾನು ಏನಾದರೂ ಮಾಡಿದರೆ ಅಕ್ಕ ಜೈಲಿಗೆ ಹೋಗಬೇಕಾದೀತಾ ಅಂತ ಭಯ. (ಎಣ್ಮಕಜೆ ಕಡೆಯ ಚಿಕ್ಕಮ್ಮ)

ನೀವು ಬರೆದದ್ದು ಒಳ್ಳೆಯದಾಯಿತು. ಆದರೆ ಮುಂದಿನ ಸಂಚಿಕೆಗೆ ಕಾಯುವ ವಿಷಯ ಇದಲ್ಲ, ಆದ್ದರಿಂದ ನಿಮಗೆ ಬೇರೆಯಾಗಿಯೂ ಉತ್ತರ ಕಳಿಸಿದ್ದೇನೆ. ಇಂಥ ಸ್ಥಿತಿಯಲ್ಲಿ ಇರುವ ಬೇರೆಯವರಿಗಾಗಿ ಇಲ್ಲಿ ಹೇಳುತ್ತೇನೆ.

ಗಡಿ ದಾಟಿದರೆ ಕಾನೂನು ತಪ್ಪುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು, ಎರಡೂ ರಾಜ್ಯಕ್ಕೆ ಒಂದೇ. ಕರ್ನಾಟಕದಲ್ಲಿ ಇನ್ನೂ ಬಿಗಿ. ಅಲ್ಲಿನ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಆ ಮದುವೆ ಆಗಿಯೇ ಇಲ್ಲ ಅಂತ ಲೆಕ್ಕ. ವಿಟ್ಲದ ಹಾಲ್ ನೋಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮದುವೆ ಮಾಡಿಸಿದವರಿಗೆ, ಪ್ರಾಯ ತುಂಬಿದ ವರನಿಗೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಮದುವೆಗೆ ಬಿಟ್ಟ ಹೆತ್ತವರ ಮೇಲೂ ಕೇಸು ಬರುತ್ತದೆ. ಆದರೆ ಅದೇ ಸೆಕ್ಷನ್ನಿನಲ್ಲಿ ಹೆಂಗಸರಿಗೆ ಜೈಲು ಶಿಕ್ಷೆ ಇಲ್ಲ ಅಂತ ಇದೆ. ಅಕ್ಕನ ಬಗ್ಗೆ ಆ ಭಯ ಇಟ್ಟುಕೊಳ್ಳಬೇಡಿ. ಮದುವೆ ನಡೆಯುವ ಮೊದಲೇ ನಿಂತರೆ ಮನೆಯವರಿಗೂ ಒಳ್ಳೆಯದು.

ಕೇರಳದಲ್ಲಿ ಇದನ್ನು ತಡೆಯುವ ಅಧಿಕಾರಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್‌ನ ಸಿಡಿಪಿಓ. ಅಂಗನವಾಡಿ ಟೀಚರಿಗೆ ಹೇಳಿದರೆ ಅಲ್ಲಿಗೆ ತಲುಪುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿಯೂ ಹೇಳಬಹುದು. ನಿಮ್ಮ ಹೆಸರು ಗುಟ್ಟಾಗಿಡಿ ಅಂತ ಮೊದಲೇ ಹೇಳಿ. ದಿನ ಹತ್ತಿರ ಬಂದಿದ್ದರೆ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಅದನ್ನು ಮೀರಿ ಮಾಡಿದ ಮದುವೆಗೆ ಕೇರಳದಲ್ಲೂ ಬೆಲೆ ಇಲ್ಲ.

ಸಮಯ ಇದ್ದರೆ ಭಾವನ ಹತ್ತಿರ ಮಾತಾಡಿ. ಒಬ್ಬರೇ ಬೇಡ. ಅವರು ಗೌರವ ಕೊಡುವ ಹಿರಿಯರೊಬ್ಬರು ಜೊತೆಯಲ್ಲಿರಲಿ. ಇಂಥ ತಂದೆಯರಿಗೆ ಸಾಲದ ಭಯ ಇರುತ್ತದೆ, ಹುಡುಗಿ ದೂರದ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವ ಭಯ ಇರುತ್ತದೆ. ಬೈದರೆ ಹಠ ಹೆಚ್ಚುತ್ತದೆ. ಶಾಲೆಗೆ ವಾಪಸು ಸೇರಿಸಲು ಪ್ರಿನ್ಸಿಪಾಲರನ್ನು ಕೇಳಿ. ಅದು ಆಗದಿದ್ದರೆ ಸರಕಾರದ ಓಪನ್ ಸ್ಕೂಲ್ ಆದ ಸ್ಕೋಲ್ ಕೇರಳದಲ್ಲಿ ಹೆಸರು ನೋಂದಾಯಿಸಿ ಪ್ಲಸ್ ಟು ಬರೆಯಬಹುದು. ಸಾಕ್ಷರತಾ ಮಿಷನ್ನಿನ ಪ್ಲಸ್ ಟು ಕೋರ್ಸಿಗೆ 22 ವರ್ಷ ಆಗಿರಬೇಕು, ಅದು ಅವಳಿಗೆ ಹೊಂದುವುದಿಲ್ಲ. ಮತ್ತೆ, ಆ ಹುಡುಗಿಯನ್ನು ಯಾರಾದರೂ ಕೇಳಿದ್ದಾರಾ? ನಿಮ್ಮ ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ. ಮೊದಲು ಅವಳ ಹತ್ತಿರ ಕೂತು ಕೇಳಿ.

ಪ್ರಶ್ನೆ: ನನ್ನ ತವರು ಪುತ್ತೂರು ತಾಲೂಕು, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಕುಡಿದು ಹೊಡೆಯುತ್ತಾರೆ. ಅತ್ತೆ "ತವರಿಗೆ ಹೋಗು" ಅಂತಾರೆ. ಹೋದರೆ ಮನೆಯೂ ಇಲ್ಲ, ಮಕ್ಕಳೂ ಇಲ್ಲ ಅಂತ ಹೆದರಿಸುತ್ತಾರೆ. ಮಲಯಾಳ ಬರುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ. (ಕುಂಬ್ಡಾಜೆ)

ತಂಗೀ, ಮೊದಲು ಜೀವ. ಹೊಡೆಯುವ ಹೊತ್ತಿನಲ್ಲಿ ಪೊಲೀಸರಿಗೆ 112. ಮಾತಾಡಬೇಕು, ದಾರಿ ಬೇಕು ಅಂದರೆ ಹೆಂಗಸರ ಸಹಾಯವಾಣಿ 181, ಹಗಲು ರಾತ್ರಿ ಇರುತ್ತದೆ. ಕುಟುಂಬಶ್ರೀಯ ಸ್ನೇಹಿತಾ ಕೇಂದ್ರದಲ್ಲಿ ಕೌನ್ಸೆಲಿಂಗ್ ಇದೆ, ಸ್ವಲ್ಪ ದಿನ ಉಳಿಯುವ ವ್ಯವಸ್ಥೆಯೂ ಇದೆ.

ಮನೆ ಯಾರ ಹೆಸರಿನಲ್ಲಿದ್ದರೂ ನೀವು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅದನ್ನು ಕೊಡುತ್ತದೆ. ತವರಿಗೆ ಹೋದ ಮಾತ್ರಕ್ಕೆ ಮಕ್ಕಳು ಕೈತಪ್ಪುವುದಿಲ್ಲ. ಅವರನ್ನು ನಿಮ್ಮ ಜೊತೆ ಇರಿಸಿ ಅಂತಲೂ ಇದೇ ಕಾಯ್ದೆಯಲ್ಲಿ ಕೇಳಬಹುದು. ನಿಮ್ಮಂತೆ ಗಡಿ ದಾಟಿ ಬಂದವರಿಗೆ ಉಪಯೋಗ ಆಗುವ ಇನ್ನೊಂದು ಅಂಶ: ಅರ್ಜಿಯನ್ನು ಇಲ್ಲೇ ಹಾಕಬೇಕು ಅಂತ ಇಲ್ಲ. ಸದ್ಯಕ್ಕೆ ತವರಲ್ಲಿ ಇದ್ದರೆ ಪುತ್ತೂರಿನ ಕೋರ್ಟಿನಲ್ಲೂ ಹಾಕಬಹುದು. ಅಲ್ಲಿ ಭಾಷೆಯ ತೊಂದರೆಯೂ ಇಲ್ಲ. ವಕೀಲರ ದುಡ್ಡಿನ ಚಿಂತೆ ಬಿಡಿ. 1987ರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಏಟು ಬಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿ. ಜಾರಿ ಬಿದ್ದೆ ಅಂತ ಹೇಳಬೇಡಿ, ಆದದ್ದನ್ನೇ ಬರೆಸಿ. ಸ್ಟೇಷನ್ನಿನಲ್ಲಿ ನಿಮ್ಮ ಮಾತನ್ನು ಮಲಯಾಳದಲ್ಲಿ ಬರೆದರೆ ಕನ್ನಡದಲ್ಲಿ ಓದಿ ಹೇಳಿಸಿ, ಆಮೇಲೆ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ, ಪಾಸ್‌ಬುಕ್ ಇವುಗಳ ಫೋಟೋ ನಂಬುವ ಗೆಳತಿಯ ಫೋನಿನಲ್ಲಿ ಇರಲಿ. ನಿಮ್ಮ ಫೋನನ್ನು ಅವರು ಕಿತ್ತುಕೊಳ್ಳಬಹುದು.

ಪ್ರಶ್ನೆ: ಮಗಳು ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಗೊಳಗಾದವರ ಪಟ್ಟಿಯಲ್ಲಿದ್ದಾಳೆ. ಬುದ್ಧಿ ಬೆಳವಣಿಗೆ ಇಲ್ಲ, ನಡೆಯಲೂ ಆಗುವುದಿಲ್ಲ. ಈಗ 18 ತುಂಬಿತು. ಇನ್ನು ತಾಯಿಯ ಸಹಿ ಸಾಲದು ಅಂತ ಬ್ಯಾಂಕಿನವರು ಹೇಳುತ್ತಾರೆ. ನಾನೇ ಅಲ್ವಾ ಅವಳನ್ನು ನೋಡಿಕೊಳ್ಳುವುದು? (ಬೆಳ್ಳೂರು)

ನೀವೇ, ಅಮ್ಮಾ. ಆದರೆ 18 ಆದ ಮೇಲೆ ಅದಕ್ಕೆ ಒಂದು ಕಾಗದ ಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾ ಕಲೆಕ್ಟರರ ಸ್ಥಳೀಯ ಸಮಿತಿ ಹೆತ್ತವರನ್ನು ಕಾನೂನುಬದ್ಧ ಪೋಷಕರು ಅಂತ ನೇಮಿಸುತ್ತದೆ. ಅದಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ವಿಚಾರಿಸಿ. ವೈಕಲ್ಯದ ಸರ್ಟಿಫಿಕೇಟ್, ಇಬ್ಬರ ಆಧಾರ್, ಮಗಳ ಜನನ ಪತ್ರ ಕೊಂಡುಹೋಗಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದನ್ನೂ ಕೇಳಿ.

ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಕೊಡಬೇಕು ಅಂದ 5 ಲಕ್ಷ ಮಗಳಿಗೆ ಬಂದಿದೆಯಾ ಅಂತ ನೀವು ಬರೆದಿಲ್ಲ. ಬಂದಿಲ್ಲದಿದ್ದರೆ ಅದೇ ದಿನ ಕಲೆಕ್ಟರೇಟಿನ ಎಂಡೋಸಲ್ಫಾನ್ ವಿಭಾಗದಲ್ಲೂ ಕನ್ನಡದಲ್ಲಿ ಅರ್ಜಿ ಕೊಟ್ಟು ಬನ್ನಿ. ನೋಡಿಕೊಳ್ಳುವವರಿಗೆಂದು ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ ಸ್ವಲ್ಪ ಹಣ ಇದೆ. ಇಡೀ ದಿನ ಮಗಳನ್ನು ಎತ್ತಿ ಇಳಿಸುವ ತಾಯಿಗೆ ಅದು ಏನೇನೂ ಸಾಲದು, ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತಾ ಬಂದಿದ್ದೇನೆ. ಆದರೂ ಅರ್ಜಿ ಹಾಕಿ. ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮೊತ್ತ ಹೆಚ್ಚಿಸಿ ಅಂತ ಕೇಳುವಾಗ ನೀವು ಲೆಕ್ಕಕ್ಕೆ ಬರುವುದೇ ಇಲ್ಲ. ಇಂಥ ಮಕ್ಕಳಿಗಾಗಿ ಇರುವ ಹತ್ತಿರದ ಬಡ್ಸ್ ಶಾಲೆಯಲ್ಲಿ ಜಾಗ ಇದೆಯಾ, ಗಾಡಿ ನಿಮ್ಮ ದಾರಿಗೆ ಬರುತ್ತದೆಯಾ ಅಂತ ಪಂಚಾಯತಿನಲ್ಲಿ ಬರೆದು ಕೇಳಿ. ಕಲೆಕ್ಟರೇಟಿಗೆ ಹೋಗುವ ದಿನ ಮಗಳ ಹತ್ತಿರ ಯಾರು ಕೂರುತ್ತಾರೆ ಅಂತ ಅಯಲ್‌ಕೂಟದಲ್ಲಿ ಈ ವಾರವೇ ಕೇಳಿಡಿ.