ತಲೆಯೊಳಗಿನ ಶ್ರುತಿಪೆಟ್ಟಿಗೆ ಸ್ವಲ್ಪ ಹೊತ್ತು ನಿಲ್ಲಿಸಿ

ಪ್ರಶ್ನೆ: ಹನ್ನೆರಡು ವರ್ಷ ಕರ್ನಾಟಕ ಸಂಗೀತ ಹಾಡಿದವಳು ನಾನು. ಈಗ ಪಿಯಾನೊ ಕಲಿಯುತ್ತಾ ಎಬಿಆರ್‌ಎಸ್‌ಎಂ ಅನ್ನೋ ಬ್ರಿಟಿಷ್ ಸಂಗೀತ ಪರೀಕ್ಷಾ ಮಂಡಳಿಯ ಗ್ರೇಡ್ 6 ಥಿಯರಿಗೆ ಓದುತ್ತಿದ್ದೇನೆ. ಗ್ರೇಡ್ 5 ಸುಲಭವಾಗಿ ಆಯ್ತು. ಆದರೆ ಈಗ ನಾಲ್ಕು ದನಿಗೆ ಹಾರ್ಮನಿ (ಒಟ್ಟಿಗೆ ಮೊಳಗುವ ಸ್ವರಗಳ ಜೋಡಣೆ) ಬರೆದರೆ ಪುಟದ ತುಂಬಾ ಕೆಂಪು ಗೆರೆ, ನನ್ನ ಕಿವಿಗೆ ಮಾತ್ರ ಚೆನ್ನಾಗೇ ಕೇಳಿಸುತ್ತೆ! ಮೆಲೊಡಿ ಬರೆದರೆ ‘ನಿಂತಲ್ಲೇ ನಿಂತಿದೆ’ ಅಂತಾರೆ ಟೀಚರ್. ಪರೀಕ್ಷೆಗೆ ಮೂರು ತಿಂಗಳಿದೆ. ಎಲ್ಲಿಂದ ಸರಿಮಾಡಿಕೊಳ್ಳಲಿ?
– ಮೈಸೂರಿನ ಓದುಗರು

ಉತ್ತರ: ಕಿವಿಗೆ ಚೆನ್ನಾಗೇ ಕೇಳಿಸುತ್ತೆ ಅಂದ್ರಲ್ಲ, ತೊಂದರೆ ಇರೋದೇ ಅಲ್ಲಿ. ನಿಮ್ಮದು ತಂಬೂರಿ ಕೇಳಿ ಬೆಳೆದ ಕಿವಿ. ಸ-ಪ ಒಟ್ಟಿಗೆ ಮೊಳಗಿದರೆ ನಮಗೆ ಮನೆಗೆ ಬಂದ ಹಾಗೆ. ಆದರೆ ಈ ಹಾರ್ಮನಿಯಲ್ಲಿ ಎರಡು ದನಿಗಳು ಪಂಚಮದ ಅಂತರ ಹಾಗೇ ಇಟ್ಟುಕೊಂಡು ಜೊತೆಯಲ್ಲೇ ಏರಿದರೆ ಅಥವಾ ಇಳಿದರೆ ತಪ್ಪು, ಅದೇ ಪ್ಯಾರಲಲ್ ಫಿಫ್ತ್ಸ್. ನಾಲ್ಕು ದನಿ ಅಂದರೆ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಬೇಸ್ ಸ-ರಿ ಅಂತ ಹತ್ತುವಾಗ ಟೆನರ್ ಪ-ದ ಅಂತ ಹತ್ತಿದರೆ ಇಬ್ಬರು ಹಾಡಿದ ಹಾಗೆ ಅನ್ನಿಸೋದಿಲ್ಲ, ಒಂದೇ ದನಿ ದಪ್ಪ ಆದ ಹಾಗಿರುತ್ತೆ. ನಾಲ್ಕು ಜನ ಅಂದ ಮೇಲೆ ನಾಲ್ಕು ದಾರಿ ಇರಬೇಕು ಅನ್ನೋದು ಅವರ ಲೆಕ್ಕ. ನಾನೂ ಈ ಹಳ್ಳಕ್ಕೆ ಬಿದ್ದವನೇ. ಮೊದಲ ಮಾದರಿ ಪತ್ರಿಕೆಯಲ್ಲಿ ಬಲು ಇಂಪಾಗಿ ಬರೆದಿದ್ದೀನಿ ಅಂತ ಬೀಗುತ್ತಾ ಕೊಟ್ಟೆ, ಎಂಟು ಕಡೆ ಫಿಫ್ತ್ಸ್ ಇತ್ತು. ಅವತ್ತಿಂದ ಈ ಒಂದು ವಿಷಯದಲ್ಲಿ ಕಿವಿ ನಂಬೋದು ಬಿಟ್ಟು ಕಣ್ಣಲ್ಲಿ ಹುಡುಕುತ್ತೇನೆ.

ಜಾಸ್ತಿ ಎಡವೋದು ನಾಲ್ಕನೇ ಕಾರ್ಡಿನಿಂದ ಐದನೇ ಕಾರ್ಡಿಗೆ ಹೋಗುವಾಗ. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ನಾಲ್ಕನೆಯದು ಮ ಮೇಲೆ, ಐದನೆಯದು ಪ ಮೇಲೆ ಕಟ್ಟಿದ್ದು. ಸಿ ಮೇಜರ್ ಅಂದುಕೊಳ್ಳಿ, ಅಂದರೆ ಸಿ ನಮ್ಮ ಸ. ಬೇಸ್ ಎಫ್‌ನಿಂದ ಜಿಗೆ ಏರುತ್ತೆ, ಆಗ ಮೇಲಿನ ಮೂರೂ ದನಿ ಇಳಿಯಲಿ. ಸೊಪ್ರಾನೊ ಸಿಯಿಂದ ಬಿಗೆ, ಆಲ್ಟೊ ಎಯಿಂದ ಜಿಗೆ, ಟೆನರ್ ಎಫ್‌ನಿಂದ ಡಿಗೆ. ಇಷ್ಟು ಮಾಡಿದರೆ ಪ್ಯಾರಲಲ್ ಫಿಫ್ತ್ ಕೂಡ ಇಲ್ಲ, ಪ್ಯಾರಲಲ್ ಆಕ್ಟೇವ್ (ಎರಡು ದನಿ ಒಂದೇ ಸ್ವರ ಹಿಡಿದು ಜೊತೆಗೇ ಚಲಿಸೋದು) ಕೂಡ ಇಲ್ಲ. ಇದನ್ನೇ ಬೇರೆ ಬೇರೆ ಕೀಗಳಲ್ಲಿ (ಯಾವ ಸ್ವರ ಸ ಆಗುತ್ತೆ ಅನ್ನೋದೇ ಕೀ) ದಿನಾ ನಾಲ್ಕು ಸಲ ಬರೆಯಿರಿ, ಕೈಗೆ ಅಭ್ಯಾಸ ಆಗಬೇಕು. ಇನ್ನೊಂದು, ಐದನೇ ಕಾರ್ಡಿನಲ್ಲಿ ಬರುವ ನಿ ಅನ್ನು ಇಬ್ಬರಿಗೆ ಕೊಡಬೇಡಿ. ಅದಕ್ಕೆ ಮೇಲಿನ ಸ ಕಡೆಗೇ ಎಳೆತ, ಇಬ್ಬರೂ ಅಲ್ಲಿಗೇ ಓಡಿದರೆ ಪ್ಯಾರಲಲ್ ಆಕ್ಟೇವ್ ಆಗುತ್ತೆ.

ಮೈನರ್ ಕೀ ಬಂದರೆ ಕೀರವಾಣಿ ನೆನಪು ಮಾಡಿಕೊಳ್ಳಿ, ಹಾರ್ಮೋನಿಕ್ ಮೈನರ್ ಅಂದರೆ ಅದರ ಸ್ವರಗಳೇ. ಎ ಮೈನರ್‌ನ ಐದನೇ ಕಾರ್ಡಿನಲ್ಲಿ ಜಿಗೆ ಶಾರ್ಪ್ ಹಾಕಲು ಎಷ್ಟೋ ಜನ ಮರೆಯುತ್ತಾರೆ. ಕಾಕಲಿ ನಿಷಾದ ಹಾಡಿದವರಿಗೆ ಅದು ಮರೆಯೋದು ಕಷ್ಟ. ಆದರೆ ದ-ನಿ ನಡುವಿನ ಆ ದೊಡ್ಡ ಜಿಗಿತ, ರಾಗದಲ್ಲಿ ನಾವು ಕುಣಿದಾಡೋದೇ ಅದರ ಮೇಲೆ ಅಲ್ವಾ, ಅದನ್ನು ಯಾವ ದನಿಗೂ ಕೊಡಬೇಡಿ. ಎಫ್‌ನಿಂದ ಜಿ ಶಾರ್ಪ್‌ಗೆ ನೇರವಾಗಿ ಹೋದರೆ ಇಲ್ಲಿ ಕೆಂಪು ಗೆರೆಯೇ.

ಇನ್ನು ಮೆಲೊಡಿ. ನಿಮ್ಮದು ನಿಂತಲ್ಲೇ ನಿಂತಿರೋದಕ್ಕೆ ಕಾರಣ ಷಡ್ಜ. ನಮ್ಮ ತಲೆಯಲ್ಲಿ ಶ್ರುತಿಪೆಟ್ಟಿಗೆ ಸದಾ ಓಡುತ್ತಿರುತ್ತೆ, ಎಲ್ಲಿ ಸುತ್ತಾಡಿದರೂ ಸ ಮೇಲೆ ಬಂದು ಕೂರುತ್ತೇವೆ. ಇಲ್ಲಿ ಎಂಟು ಬಾರಿನ ಮೆಲೊಡಿಯಲ್ಲಿ (ಬಾರ್ ಅಂದರೆ ನಮ್ಮ ತಾಳದ ಆವರ್ತದಂಥ ಒಂದು ಭಾಗ) ನಾಲ್ಕನೇ ಬಾರಿನಲ್ಲೇ ಸ ಮೇಲೆ ಕೂತರೆ ಹಾಡು ಮುಗಿದೇ ಹೋಯಿತು, ಮುಂದಿನ ನಾಲ್ಕು ಬಾರಿಗೆ ಏನು ಕೆಲಸ? ಅದಕ್ಕೇ ನಾನು ಹೇಳೋದು, ಮೊದಲ ಸ್ವರದಿಂದ ಬರೆಯಬೇಡಿ. ಎಂಟು ಬಾರ್ ಖಾಲಿ ಗೆರೆ ಹಾಕಿ, ಎಂಟನೆಯದರಲ್ಲಿ ಸ ಇಡಿ, ಅದರ ಹಿಂದೆ ರಿ ಅಥವಾ ನಿ. ನಾಲ್ಕನೆಯದರಲ್ಲಿ ಐದನೇ ಕಾರ್ಡಿನ ಒಂದು ಸ್ವರ. ಆರನೆಯ ಬಾರಿನ ಸುಮಾರಿಗೆ ಇಡೀ ಮೆಲೊಡಿಯ ಅತಿ ಎತ್ತರದ ಸ್ವರ, ಅದು ಒಂದೇ ಸಲ ಬರಲಿ. ಪ್ರತಿ ಬಾರಿನ ಕೆಳಗೆ ಯಾವ ಕಾರ್ಡ್ ಅಂತ ಪೆನ್ಸಿಲಲ್ಲಿ ಬರೆದುಕೊಂಡು ಆಮೇಲೆ ನಡುವೆ ತುಂಬಿ. ಅಂದರೆ ಮೆಲೊಡಿಯೂ ಹಾರ್ಮನಿಯ ಪ್ರಶ್ನೆಯೇ, ಎರಡನ್ನೂ ಬೇರೆ ಬೇರೆ ಪುಸ್ತಕದಲ್ಲಿ ಅಭ್ಯಾಸ ಮಾಡೋದು ದಂಡ.

ಕೀ ಬದಲಾಯಿಸು ಅಂದರೆ ಗಾಬರಿ ಬೇಡ. ಸಿ ಮೇಜರ್‌ನಿಂದ ಜಿ ಮೇಜರ್‌ಗೆ ಹೋಗೋದು ಅಂದರೆ ಶಂಕರಾಭರಣದ ಪ ಅನ್ನೇ ಹೊಸ ಸ ಅಂದುಕೊಳ್ಳೋದು. ಅದಕ್ಕೊಂದು ನಿ ಬೇಕಲ್ಲ, ಹಳೆಯ ಲೆಕ್ಕದಲ್ಲಿ ಅದು ಪ್ರತಿಮಧ್ಯಮ, ಅವರ ಎಫ್ ಶಾರ್ಪ್. ಆ ಒಂದು ಸ್ವರ ಬಂದ ತಕ್ಷಣ ಬಾಗಿಲು ತೆರೆದ ಹಾಗೆ ಆಗುತ್ತೆ.

ಕೊಟ್ಟ ಶುರುವಿನ ತುಣುಕನ್ನು ಬೆಳೆಸೋದು ನಿಮಗೆ ಗೊತ್ತಿರೋದೇ. ಏಕ ತಾಳದ ಅಲಂಕಾರದಲ್ಲಿ ಸರಿಗಮ, ರಿಗಮಪ, ಗಮಪದ ಅಂತ ಹೇಳಿದ್ದೀರಲ್ಲ, ಇಲ್ಲಿ ಅದಕ್ಕೆ ಸೀಕ್ವೆನ್ಸ್ ಅಂತ ಹೆಸರು. ಎರಡು ಸಲ ಸಾಕು. ಮೂರನೇ ಸಲಕ್ಕೆ ಬೇಸರ ಬರುತ್ತೆ. ಗಮಕ ಕಾಗದದ ಮೇಲೆ ಇಳಿಯಲ್ಲ, ಅದನ್ನು ನಂಬಿಕೊಂಡು ಬರೆದ ಸಾಲು ಪಿಯಾನೊದಲ್ಲಿ ಬೋಳಾಗಿ ಕೇಳುತ್ತೆ. ಗಮಕವಿಲ್ಲದೆ ಹಾಡಿ ರೂಢಿ ಮಾಡಿಕೊಳ್ಳಬೇಕಾದರೆ ದೀಕ್ಷಿತರ ನೊಟ್ಟುಸ್ವರಗಳಿವೆ, ಅವು ಆಗಿನ ಯುರೋಪಿಯನ್ ಬ್ಯಾಂಡ್ ಟ್ಯೂನ್‌ಗಳಿಗೆ ಕಟ್ಟಿದ್ದು. ಅಂದ ಹಾಗೆ, ನಿಮ್ಮೂರಿನ ಜಯಚಾಮರಾಜ ಒಡೆಯರ್ ಹೋಗಿದ್ದು ಉಲ್ಟಾ ದಾರಿ. ಮೊದಲು ಪಿಯಾನೊ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್, ಕೃತಿ ರಚನೆ ಆಮೇಲೆ.

ಮೆಲೊಡಿ ಮುಗಿದ ಮೇಲೆ ವೇಗ, ಜೋರು-ಮೆಲು ಗುರುತು, ಸ್ಲರ್ (ಸ್ವರಗಳನ್ನು ಜೋಡಿಸುವ ಕಮಾನು ಗೆರೆ) ಹಾಕೋದು ಮರೆಯಬೇಡಿ, ಅದಕ್ಕೂ ಅಂಕ ಇದೆ. 100ಕ್ಕೆ 66 ಬಂದರೆ ಪಾಸ್, ಇಂಥ ಕಡೆ ಸುಮ್ನೆ ಕಳೆದುಕೊಳ್ಳೋದು ಯಾಕೆ? ಹಾರ್ಮನಿ ಪ್ರಶ್ನೆ ಆದ ಮೇಲೆ ದನಿಗಳನ್ನು ಎರಡೆರಡಾಗಿ ಜೋಡಿ ಮಾಡಿ ನೋಡಿ. ನಾಲ್ಕು ದನಿಗೆ ಆರು ಜೋಡಿ ಆಗುತ್ತೆ. ಸೊಪ್ರಾನೊ-ಬೇಸ್ ಮೊದಲು, ಟೆನರ್-ಬೇಸ್ ಆಮೇಲೆ, ನನ್ನ ತಪ್ಪುಗಳು ಸಿಕ್ಕಿದ್ದು ಹೆಚ್ಚಾಗಿ ಇವೆರಡರಲ್ಲೇ.